ಹವಳದ ದಿಬ್ಬಕ್ಕೆ ಇಳಿದ ಗೇಜಮ್ಮ

ವೈಕುಂಠ ಸಮಾರಾಧನೆಯ ದಿನ ಪುರೋಹಿತರು ಫೋಟೋ ಬದಲಿಸಿ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾರ ಹಾಕಿಟ್ಟಿದ್ದ ಆ ಕಪ್ಪು ಬಿಳುಪು ಫೋಟೋದಲ್ಲಿ ಕುಂಕುಮ ಕಾಣಬೇಕಾದ ಹಣೆಯ ಮೇಲೆ ದಪ್ಪ ರಬ್ಬರಿನ ಮಾಸ್ಕ್ ಕೂತಿತ್ತು. ಕೂದಲೆಲ್ಲ ಒದ್ದೆಯಾಗಿ ಕೆನ್ನೆಗೆ ಅಂಟಿತ್ತು. ಮೈಮೇಲೆ ಗಂಡಸರ ಷರ್ಟು. ಎಡಗೈ ಎತ್ತಿ ಮಣಿಕಟ್ಟನ್ನು ತೋರಿಸುತ್ತ ಬಾಯಿ ತುಂಬ ನಗುತ್ತಿದ್ದರು. ಆ ಮಣಿಕಟ್ಟಿನಲ್ಲಿ ಬಳೆಯೂ ಇರಲಿಲ್ಲ, ವಾಚೂ ಇರಲಿಲ್ಲ.

"ಮುತ್ತೈದೆಯಾಗಿ ಹೋದವರು, ಬರಿಗೈಯಲ್ಲಿರೋ ಫೋಟೋ ಇಟ್ರೆ ಚೆನ್ನಾಗಿರಲ್ಲ. ರೇಷ್ಮೆ ಸೀರೆ ಉಟ್ಕೊಂಡಿರೋದು ಒಂದೂ ಇಲ್ವೇ?" ಎಂದು ಪುರೋಹಿತರು ಸೊಸೆಯನ್ನು ಕೇಳಿದರು. ಸೊಸೆ ಬೀರುವಿನ ಕಡೆ ಹೊರಟಾಗ ಮೂಲೆಯ ಕುರ್ಚಿಯಿಂದ ರಾಯರು, ಅಂದರೆ ತೀರಿಕೊಂಡವರ ಯಜಮಾನರು, ಕೈ ಅಡ್ಡ ಮಾಡಿದರು. ಕಿವಿ ಮಂದವಾದ ಮೇಲೆ ಅವರ ಮಾತು ಸ್ವಲ್ಪ ಜೋರು. "ಇದೇ ಇರ್ಲಿ. ಅವಳು ಹೀಗೆ ನಕ್ಕಿರೋ ಫೋಟೋ ಇನ್ನೊಂದಿಲ್ಲ" ಎಂದರು. ಎಂಬತ್ತು ದಾಟಿದ ಹೆಂಡತಿಯನ್ನು ಕಳುಹಿಸಿಕೊಟ್ಟ ಆ ಮುದುಕರ ಮಾತಿಗೆ ಪುರೋಹಿತರು ಎದುರಾಡಲಿಲ್ಲ. ಫೋಟೋ ಅಲ್ಲೇ ಉಳಿಯಿತು.

ಅದನ್ನು ತೆಗೆದವಳು ನಾನು. ಊಟಕ್ಕೆ ಕೂತವರಲ್ಲಿ ಅರ್ಧ ಜನ ನನ್ನನ್ನು ಅದರ ಬಗ್ಗೆ ಕೇಳಿದರು. ಎಲೆಯ ಮುಂದೆ ಕೂತು ಹೇಳಿ ಮುಗಿಸುವ ಕತೆ ಅದಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಫೋಟೋದಲ್ಲಿರುವವರ ಹೆಸರು ಬರೆಯುವುದಿಲ್ಲ. ಪೀಣ್ಯದ ಅಂಚಿನಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ ಆ ಹೆಸರು ಹಾಜರಿಗಷ್ಟೇ ಬೇಕಾಗುತ್ತಿತ್ತು. ಎದುರಿಗೆ ಮೇಡಂ, ಬೆನ್ನ ಹಿಂದೆ ಗೇಜಮ್ಮ. ಬೆನ್ನ ಹಿಂದಿನ ಹೆಸರು ಅವರಿಗೆ ಚೆನ್ನಾಗಿ ಗೊತ್ತಿತ್ತು ಮತ್ತು ಇಷ್ಟವೂ ಆಗಿತ್ತು. ನಾವು ಪ್ರೆಷರ್ ಗೇಜು ಮಾಡುತ್ತಿದ್ದೆವು. ಬಾಯ್ಲರಿಗೆ, ಪಂಪಿಗೆ, ಆಸ್ಪತ್ರೆಯ ಆಮ್ಲಜನಕದ ಸಿಲಿಂಡರಿಗೆ, ಹೀಗೆ ಒತ್ತಡ ಇರುವ ಕಡೆಗೆಲ್ಲ ಒಂದೊಂದು ಗುಂಡಗಿನ ಮುಖ, ಅದರೊಳಗೊಂದು ಮುಳ್ಳು. ಎಲ್ಲ ಗೇಜುಗಳೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನಮ್ಮ ಪರೀಕ್ಷೆಯ ಕೋಣೆಯಲ್ಲಿ, ಮೇಡಂ ಅವರ ಮೇಜಿನ ಮೇಲೆ. ಅವರು ಹಸಿರು ಸ್ಟಿಕ್ಕರ್ ಅಂಟಿಸಿದರೆ ಪಾಸು.

ಗೇಜು ಓದುವ ಮೊದಲು ಗಾಜಿನ ಮೇಲೆ ಉಗುರಿನಿಂದ ಎರಡು ಸಲ ತಟ್ಟಬೇಕು. ಮುಳ್ಳು ಎಲ್ಲಾದರೂ ಅಂಟಿಕೊಂಡಿದ್ದರೆ ತಟ್ಟಿದಾಗ ಸರಿಯಾದ ಜಾಗಕ್ಕೆ ಬರುತ್ತದೆ. ಆ ಕೆಲಸ ಮಾಡುವವರೆಲ್ಲ ಹೀಗೆ ತಟ್ಟುತ್ತಾರೆ. ನಮ್ಮ ಮೇಡಂ ಮಾತ್ರ ಅದನ್ನು ಮನೆಗೂ ತೆಗೆದುಕೊಂಡು ಹೋಗಿದ್ದರು. ತೆಂಗಿನಕಾಯಿ, ಸ್ಟೀಲ್ ಡಬ್ಬಿ, ಬಸ್ಸಿನ ಕಿಟಕಿ, ಹೊಸದಾಗಿ ಕೊಂಡ ಟ್ರಾನ್ಸಿಸ್ಟರು, ಎಲ್ಲದಕ್ಕೂ ಟಕ್ ಟಕ್. ಕ್ಯಾಂಟೀನಿನಲ್ಲಿ ಇಡ್ಲಿಯನ್ನೂ ಒಂದು ಸಲ ತಟ್ಟಿ ನೋಡಿ, "ಇದಕ್ಕೆ ಸದ್ದೇ ಬರ್ಬಾರ್ದಿತ್ತು" ಎಂದು ತಟ್ಟೆಯನ್ನು ವಾಪಸು ಕಳುಹಿಸಿದ್ದರು.

ಅವರಿಗೆ ಆಗದೇ ಇದ್ದ ಒಂದು ಪದ ಇತ್ತು, ಸುಮಾರು. ಸುಮಾರು ಹತ್ತು ಗಂಟೆ ಅಂದರೆ, "ಹತ್ತೋ, ಹತ್ತೂಕಾಲೋ?" ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಮ್ಮಮ್ಮ ಧೈರ್ಯಕ್ಕೆಂದು ಮೇಡಂ ಅವರನ್ನು ಕರೆಸಿದ್ದರು. ಹುಡುಗ ತನ್ನ ಎತ್ತರ ಸುಮಾರು ಐದೂಮುಕ್ಕಾಲು ಅಡಿ ಎಂದ. "ಸುಮಾರು ಅಂದ್ರೆ?" ಎಂದು ಇವರು ಎದ್ದರು. ಚೀಲದಿಂದ ಟೇಪು ತೆಗೆದು ಅವನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಅಳೆದೇ ಬಿಟ್ಟರು. "ಒಂದಿಂಚು ಜಾಸ್ತಿ ಹೇಳಿದಾನೆ. ಆದ್ರೂ ಪರವಾಗಿಲ್ಲ, ನಿಂತ್ಕೋ ಅಂದ್ರೆ ಸುಮ್ನೆ ನಿಂತ್ಕೋತಾನೆ, ಮದ್ವೆ ಆಗೇ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಗಿದ್ದೇನೆ. ಈಗಲೂ ನಿಂತುಕೋ ಅಂದರೆ ನಿಂತುಕೊಳ್ಳುತ್ತಾರೆ.

ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಕಾರ್ಖಾನೆಗೆ ಹೊಸ ಬಗೆಯ ಗೇಜಿನ ಕೆಲಸ ಬಂತು. ಸಮುದ್ರದೊಳಗೆ ಮುಳುಗಿ ಕೆಲಸ ಮಾಡುವವರು ಕೈಗೆ ವಾಚಿನ ಹಾಗೆ ಕಟ್ಟಿಕೊಳ್ಳುವ ಆಳದ ಗೇಜು. ನೀರು ಎಷ್ಟು ಒತ್ತುತ್ತದೋ ಅಷ್ಟು ಮೀಟರ್ ಆಳ ಎಂದು ಮುಳ್ಳು ತೋರಿಸಬೇಕು. ಅದನ್ನು ಪರೀಕ್ಷಿಸಲು ದಪ್ಪ ಗಾಜಿನ ಕಿಟಕಿ ಇದ್ದ ಒಂದು ಉಕ್ಕಿನ ಪಾತ್ರೆ ತಂದರು. ಪಾತ್ರೆಗೆ ನೀರು ತುಂಬಿ, ಗೇಜನ್ನು ಒಳಗಿಟ್ಟು, ಮುಚ್ಚಳ ಬಿಗಿದು, ಕೈಪಂಪು ಒತ್ತಿದರೆ ಒಳಗೆ ಸಮುದ್ರ ತಯಾರು. ಮೇಡಂ ಪಂಪು ಒತ್ತುತ್ತ, ಹತ್ತು ಮೀಟರ್, ಇಪ್ಪತ್ತು ಮೀಟರ್ ಎಂದು ಓದುತ್ತ ನಲವತ್ತರವರೆಗೆ ಹೋಗಿ ವಾಪಸು ಬರುತ್ತಿದ್ದರು. ಮಧ್ಯೆ ಕಾಫಿ.

ಈ ಗೇಜುಗಳನ್ನು ಒಪ್ಪಿಕೊಂಡು ಹೋಗಲು ನಾಯ್ಕ್ ಸಾಹೇಬರು ಎಂಬುವರು ಬರುತ್ತಿದ್ದರು. ಕಾರವಾರದ ಕಡೆಯವರು. ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ನಿವೃತ್ತರಾದ ಮೇಲೆ ರಾಮೇಶ್ವರದ ಹತ್ತಿರ ಮಂಟಪಂನಲ್ಲಿ ಸಮುದ್ರದ ಜೀವಿಗಳನ್ನು ಅಭ್ಯಾಸ ಮಾಡುವ ಒಂದು ತಂಡದ ಜೊತೆ ಕೆಲಸ ಮಾಡುತ್ತಿದ್ದರು. ಕಪ್ಪಗೆ, ಕುಳ್ಳಗೆ, ಗಟ್ಟಿಯಾಗಿದ್ದರು. ಒಂದು ದಿನ ಪಾತ್ರೆಯ ಕಿಟಕಿಯಲ್ಲಿ ಮುಳ್ಳು ಐದರ ಮೇಲೆ ನಿಂತಿದ್ದಾಗ ಮೇಡಂ ಸುಮ್ಮನೆ ಕೇಳಿದರು: "ಸಾಹೇಬ್ರೇ, ಐದು ಮೀಟರಲ್ಲಿ ಏನಿರತ್ತೆ?"

"ನಮ್ಮ ಮಂಟಪಂ ಕಡೆಗೆ ಐದು ಮೀಟರಲ್ಲಿ ಹವಳದ ದಿಬ್ಬ ಇರ್ತದೆ ಬಾಯೋರೆ."

ಮೇಡಂ ಕೈ ಕುತ್ತಿಗೆಗೆ ಹೋಯಿತು. ಕರಿಮಣಿಯ ನಡುವೆ ಇದ್ದ ಕೆಂಪು ಹವಳವನ್ನು ಹಿಡಿದುಕೊಂಡು, "ಈ ಕಲ್ಲಾ?" ಎಂದರು.

"ಅದು ಕಲ್ಲಲ್ಲ, ಜೀವ. ಸಣ್ಣ ಸಣ್ಣ ಹುಳ ಸೇರಿ ಕಟ್ಟಿದ ಊರು ಅಂತ ತಿಳ್ಕೊಳ್ಳಿ. ಕೆಲವು ಹೂಕೋಸಿನ ಹಾಗೆ, ಕೆಲವು ಜಿಂಕೆ ಕೊಂಬಿನ ಹಾಗೆ. ಅದರೊಳಗೆಲ್ಲ ಮೀನು ಮನೆ ಮಾಡ್ಕೊಂಡಿರ್ತದೆ. ಹೇಳಿದ್ರೆ ಆಗೂದಿಲ್ಲ, ನೋಡ್ಬೇಕು."

ಅಷ್ಟೇ. ನಾಯ್ಕರು ಗೇಜುಗಳ ಪೆಟ್ಟಿಗೆ ಹೊತ್ತು ಹೊರಟುಹೋದರು. ಮೇಡಂ ಮಾತ್ರ ಮರುದಿನದಿಂದ ಐದರ ಗೆರೆಗೆ ಬಂದಾಗ ಪಂಪು ನಿಲ್ಲಿಸಿ, ಕಿಟಕಿಯೊಳಗೆ ಇಣುಕುವುದಕ್ಕೆ ಶುರುಮಾಡಿದರು. ಒಳಗೆ ಇದ್ದದ್ದು ನಲ್ಲಿ ನೀರು ಮತ್ತು ಒಂದು ಗೇಜು. ಒಂದು ವಾರ ನೋಡಿ ನಾನು ಕೇಳಿಯೇಬಿಟ್ಟೆ.

"ಇನ್ನೇನು ರಿಟೈರ್ ಆಗೋ ಹೊತ್ತು ಬಂತು ಕಣೇ. ದಿನಾ ಐದು ಮೀಟರ್ ಸರಿ, ಹತ್ತು ಮೀಟರ್ ಸರಿ ಅಂತ ಸ್ಟಿಕ್ಕರ್ ಅಂಟಿಸ್ತೀನಿ. ಆ ಜಾಗ ಹೇಗಿದೆ ಅಂತಾನೇ ಗೊತ್ತಿಲ್ಲ. ಜೀವಮಾನ ಎಲ್ಲ ಬಡಿಸಿ, ಒಂದು ತುತ್ತೂ ತಿನ್ನದೆ ಎದ್ದು ಹೋದ ಹಾಗಾಗತ್ತೆ. ನಾನೊಂದ್ಸಲ ಇಳೀಬೇಕು" ಎಂದರು.

ನಾನು ನಗಲಿಲ್ಲ. ಮುಖ ನೋಡಿದರೆ ನಗು ಬರುವ ಹಾಗೆ ಇರಲಿಲ್ಲ.

ಅಡ್ಡಿ ಇದ್ದದ್ದು ವಯಸ್ಸಲ್ಲ, ಮನೆಯವರೂ ಅಲ್ಲ. ರಾಯರು ಬಹಳ ಸರಳವಾದ ಮನುಷ್ಯ, "ಇಳಿದು ನೋಡ್ಕೊಂಡು ಬಾ, ಆದ್ರೆ ವಾಪಸು ಬಾ" ಎಂದಷ್ಟೇ ಹೇಳಿದ್ದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ಅಡ್ಡಿಯಿಲ್ಲ ಅಂದಿದ್ದರು. ಅಡ್ಡಿ ಇದ್ದದ್ದು ಅವರ ಮೂಗು. ಮುಖದ ಮೇಲೆ ನೀರು ಬಿದ್ದರೆ ಅವರಿಗೆ ಉಸಿರೇ ಕಟ್ಟಿ ಹೋಗುತ್ತಿತ್ತು. ತಲೆಗೆ ನೀರು ಹಾಕಿಕೊಳ್ಳುವಾಗಲೂ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಮೂಗು. ಇನ್ನು ಈಜಿನ ಮಾತಂತೂ ದೂರವೇ.

ಜಾಲಹಳ್ಳಿಯಲ್ಲಿ ಅವರ ಮನೆಯ ಹಿಂದೆ ಸ್ವಲ್ಪ ದೂರ ಹೋದರೆ ಆಗ ಇನ್ನೂ ದ್ರಾಕ್ಷಿ ತೋಟಗಳಿದ್ದವು. ಒಂದು ತೋಟದ ಒಡತಿ ಮುನಿಯಮ್ಮ. ಹಳೇ ಊರಿನವರು, ನಮ್ಮ ಮೇಡಂಗಿಂತ ಹಿರಿಯರು, ತಮ್ಮ ತೋಟದ ಬಾವಿಗೆ ಸೀರೆ ಕಚ್ಚೆ ಹಾಕಿಕೊಂಡು ದಬಕ್ಕನೆ ಹಾರುವಂಥ ಹೆಂಗಸು. ಊರಿನ ಅರ್ಧ ಮಕ್ಕಳಿಗೆ ಆಕೆಯೇ ಈಜು ಕಲಿಸಿದ್ದು. ಒಂದು ಭಾನುವಾರ ಮೇಡಂ ರಾಯರ ಹಳೇ ಪೈಜಾಮ, ಷರ್ಟು ತೊಟ್ಟುಕೊಂಡು ನನ್ನ ಜೊತೆ ಬಾವಿಯ ಹತ್ತಿರ ಹೋದರು. ಮುನಿಯಮ್ಮ ಅವರ ಸೊಂಟಕ್ಕೆ ಒಣಗಿದ ಸೋರೆ ಬುರುಡೆಗಳನ್ನು ಕಟ್ಟಿ ಮೆಟ್ಟಿಲು ಇಳಿಸಿದರು. ಎದೆಮಟ್ಟದ ನೀರಿನಲ್ಲಿ ಮೇಡಂ ಎರಡೂ ಕೈಯಲ್ಲಿ ಮೂಗು ಹಿಡಿದುಕೊಂಡು ನಿಂತುಬಿಟ್ಟರು.

"ಮೂಗ್ ಬುಡವ್ವ ಮೊದ್ಲು. ಅದೆಲ್ಗೂ ಓಗಕಿಲ್ಲ" ಎಂದರು ಮುನಿಯಮ್ಮ.

"ನೀರು ಒಳಗೆ ಹೋಗತ್ತೆ ಮುನಿಯಮ್ಮ."

"ಓದ್ರೆ ಊದು, ಈಚೆಗ್ ಬತ್ತದೆ. ಇಂಗ್ ಎದ್ರುಕೊಂಡು ಸಮುದ್ರಕ್ಕೆ ಓಗ್ತೀನಿ ಅಂತೀಯಲ್ಲ ತಾಯಿ, ಸಮುದ್ರ ಏನು ನಮ್ಮ ಬಾವಿಗಿಂತ ಚಿಕ್ಕದಾ?"

ಎಷ್ಟೋ ಭಾನುವಾರಗಳು ಹೀಗೆ ಕಳೆದವು. ಕೊನೆಗೆ ಕೈಕಾಲು ಬಡಿಯಲು ಬಂತು, ತೇಲಲು ಬಂತು, ಬುರುಡೆಗಳೂ ಬಿಚ್ಚಿದವು. ಆದರೆ ಮುಖ ಮಾತ್ರ ಕೊಕ್ಕರೆಯ ಹಾಗೆ ನೀರಿನಿಂದ ಮೇಲೆಯೇ. ಅಷ್ಟು ಹೊತ್ತಿಗೆ ನಾಯ್ಕರು ಮತ್ತೆ ಬಂದರು, ಈ ಸಲ ಗೇಜನ್ನು ಜೋಡಿಸಿ ನೋಡುವುದಕ್ಕೆಂದು ಒಂದು ಸಿಲಿಂಡರ್, ಉಸಿರಾಡುವ ಕೊಳವೆ, ಮಾಸ್ಕ್ ಎಲ್ಲ ತಂದಿದ್ದರು. ಸಂಜೆ ನೇರ ಮುನಿಯಮ್ಮನ ಬಾವಿಗೆ ಕರೆದುಕೊಂಡು ಹೋದೆವು. ಬಾವಿಯ ಸುತ್ತ ಹಳ್ಳಿಯೆಲ್ಲ ಸೇರಿತ್ತು.

ಬಾಯಲ್ಲಿ ಕೊಳವೆ ಇಟ್ಟುಕೊಂಡು ಉಸಿರಾಡುವುದು ಮೇಡಂ ಬೇಗ ಕಲಿತರು. ಉಸಿರು ಯಾವತ್ತೂ ಹಿಡಿಯಬಾರದು, ಆಡುತ್ತಲೇ ಇರಬೇಕು ಎಂಬುದು ನಾಯ್ಕರ ಮೊದಲ ಪಾಠ. ಅದಕ್ಕೇನೂ ತೊಂದರೆ ಆಗಲಿಲ್ಲ. ಕಷ್ಟ ಆದದ್ದು ಎರಡನೇ ಪಾಠಕ್ಕೆ. ನೀರಿನ ಒಳಗೆ ಮಾಸ್ಕಿಗೆ ನೀರು ತುಂಬಿಕೊಂಡರೆ ಗಾಬರಿಯಾಗದೆ, ಮಾಸ್ಕಿನ ಮೇಲಂಚನ್ನು ಒತ್ತಿ, ತಲೆ ಎತ್ತಿ, ಮೂಗಿನಿಂದ ಊದಿ ನೀರನ್ನು ಹೊರಗೆ ಹಾಕಬೇಕು. ನಾಯ್ಕರು ಬೇಕೆಂದೇ ಮಾಸ್ಕನ್ನು ಒಂದಿಷ್ಟು ಎತ್ತಿ ನೀರು ಬಿಟ್ಟರು. ಮೇಡಂ ಬಾಣದ ಹಾಗೆ ಮೇಲಕ್ಕೆ ಬಂದರು. ಇನ್ನೊಂದು ಸಲವೂ ಹಾಗೇ ಆಯಿತು.

ಮೆಟ್ಟಿಲ ಮೇಲೆ ಕೂರಿಸಿ ನಾಯ್ಕರು ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಬೇಡಿ ಬಾಯೋರೆ. ಇದು ಬರೂದಿಲ್ಲ ಅಂದ್ರೆ ನಾನು ನಿಮ್ಮನ್ನ ಇಳಿಸೂದಿಲ್ಲ. ಅಲ್ಲಿ ಗಾಬರಿಯಾಗಿ ಓಡಿ ಬಂದ್ರೆ ಜೀವಕ್ಕೇ ಅಪಾಯ. ನೀವು ಮಂಟಪಂಗೆ ಬನ್ನಿ, ದಡದಲ್ಲಿ ಇನ್ನೊಂದ್ಸಲ ನೋಡುವ. ಆಯ್ತು ಅಂದ್ರೆ ದಿಬ್ಬಕ್ಕೆ. ಇಲ್ಲ ಅಂದ್ರೆ ದೇವರ ದರ್ಶನ ಮಾಡ್ಕೊಂಡು ವಾಪಸು."

ಮೇಡಂ ಒದ್ದೆ ಷರ್ಟನ್ನು ಹಿಂಡುತ್ತ ತಲೆಯಾಡಿಸಿದರು. ಮನೆಗೆ ಬಂದು ಗೇಟಿನ ಹತ್ತಿರ ನಿಂತು, "ಮೂಗಿನಿಂದಾಗಿ ತಪ್ಪಿ ಹೋಗ್ಬಾರ್ದು ಕಣೇ. ಬೇರೆ ಏನಾದ್ರೂ ದೊಡ್ಡ ಕಾರಣ ಇದ್ರೆ ಸಮಾಧಾನ ಮಾಡ್ಕೋಬಹುದಿತ್ತು" ಎಂದರು. ನನಗೆ ಸಂಕಟವಾಯಿತು.

ಆ ಕಾಲದಲ್ಲಿ ಕಾರ್ಖಾನೆಯವರಿಗೆ ಎಲ್‌ಟಿಸಿ ಎಂದರೆ ಹಬ್ಬ. ಕಂಪನಿಯ ರಜೆಯಲ್ಲಿ, ಕಂಪನಿಯ ಟಿಕೆಟ್ಟಿನಲ್ಲಿ ಊರು ನೋಡಲು ಹೋಗುವ ಆ ಪ್ರಯಾಣಕ್ಕೆ ನಾವು ಗುಂಪುಕಟ್ಟಿಕೊಂಡೇ ಹೊರಡುತ್ತಿದ್ದದ್ದು. ಆ ವರ್ಷ ಮೇಡಂ ಹಟ ಹಿಡಿದು ಇಡೀ ವಿಭಾಗವನ್ನು ರಾಮೇಶ್ವರಕ್ಕೆ ಹೊರಡಿಸಿದರು. ಶಿವರಾತ್ರಿ ಕಳೆದ ಮೇಲೆ, ಸಮುದ್ರ ತಿಳಿಯಾಗುವ ಹೊತ್ತಿಗೆ. ಎಲ್ಲರೂ ಮೇಡಂಗೆ ಇದ್ದಕ್ಕಿದ್ದ ಹಾಗೆ ಭಕ್ತಿ ಬಂತು ಎಂದುಕೊಂಡರು. ರೈಲಿನಲ್ಲಿ ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಇಸ್ಪೀಟು. ಮೇಡಂ ಚೀಲದಲ್ಲಿ ಮಾತ್ರ ಒಂದು ಪಾಸಾದ ಆಳದ ಗೇಜು, ಮೇಲಿನವರನ್ನು ಕೇಳಿಯೇ ತಂದದ್ದು.

ರಾಮೇಶ್ವರದ ಗುಡಿಯಲ್ಲಿ ತೀರ್ಥಸ್ನಾನ ಎಂದರೆ ಬಾವಿಯಿಂದ ಬಾವಿಗೆ ಹೋಗುತ್ತ ತಲೆಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿಸಿಕೊಳ್ಳುವುದು. ಬಾವಿಯ ಕಟ್ಟೆಯ ಮೇಲೆ ನಿಂತವರು ಸೇದಿ ಸೇದಿ ಸುರಿಯುತ್ತಾರೆ, ಭಕ್ತರು ಕಣ್ಣು ಮುಚ್ಚಿ ಕೈಮುಗಿದು ನಿಲ್ಲುತ್ತಾರೆ. ಮೊದಲನೇ ಬಾವಿಯ ಹತ್ತಿರ ಮೇಡಂ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹಿಡ್ಕೋ ನನ್ನ ಕೈನ, ಬಿಡ್ಬೇಡ" ಎಂದರು ನನಗೆ.

ನಾನು ಹಿಂದಿನಿಂದ ಎರಡೂ ಮಣಿಕಟ್ಟು ಹಿಡಿದುಕೊಂಡೆ. ನೀರು ಬಿತ್ತು. ಕೈ ಕಿತ್ತುಕೊಳ್ಳಲು ಎಷ್ಟು ಜೋರಾಗಿ ಎಳೆದರೆಂದರೆ ನಾನೇ ಜಾರಿದೆ. ಎರಡನೇ ಬಾವಿಯಲ್ಲಿ ಸ್ವಲ್ಪ ಕಡಿಮೆ. ನಾಲ್ಕೈದು ಬಾವಿ ಆದ ಮೇಲೆ ಕೈ ಎಳೆಯುವುದು ನಿಂತಿತು, ಫುಸ್ಸೆಂದು ಮೂಗಿನಿಂದ ಊದುವುದು ಶುರುವಾಯಿತು. ತಲೆ ಎತ್ತಿ, ನೀರು ಬೀಳುವಾಗ ಸರಿಯಾಗಿ ಊದುತ್ತಿದ್ದರು. ನಮ್ಮ ಹಿಂದೆ ಬರುತ್ತಿದ್ದ ಯಾವುದೋ ಊರಿನ ಅಜ್ಜಿಯೊಬ್ಬರು ಇದನ್ನು ನೋಡಿ ಇದೂ ಒಂದು ಶಾಸ್ತ್ರ ಎಂದುಕೊಂಡು ತಾವೂ ಕೈ ಹಿಂದೆ ಕಟ್ಟಿ ಫುಸ್ಸೆಂದರು. ಅವರ ಹಿಂದಿನವರೂ ಫುಸ್ಸೆಂದರು. ಕೊನೆಯ ಬಾವಿಗೆ ಬರುವಷ್ಟರಲ್ಲಿ ಸಾಲಿಗೆ ಸಾಲೇ ಊದುತ್ತಿತ್ತು. ನೀರು ಸುರಿಯುವವನು ಬಕೆಟ್ಟು ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ರಾಯರು ದೂರದಲ್ಲಿ ಕಂಬಕ್ಕೆ ಒರಗಿ, ಒದ್ದೆ ಪಂಚೆಯಲ್ಲಿ, ಹೆಂಡತಿಯನ್ನು ನೋಡುತ್ತ ನಿಂತಿದ್ದರು. ಅವರ ಕಣ್ಣಿನಲ್ಲಿದ್ದ ಖುಷಿ ನನಗೆ ಇವತ್ತಿಗೂ ನೆನಪಿದೆ.

ಮರುದಿನ ಬೆಳಗ್ಗೆ ರಾಯರು ದೋಣಿಗೆ ಬರಲಿಲ್ಲ. "ಅಲ್ಲಿ ಬಂದು ಕೂತ್ರೆ ನನಗೆ ಎದೆ ಹೊಡ್ಕೊಳ್ಳತ್ತೆ. ನಾನು ಗುಡಿಯಲ್ಲೇ ಕೂತಿರ್ತೀನಿ" ಎಂದು ನನ್ನನ್ನು ಜೊತೆಗೆ ಕಳುಹಿಸಿದರು. ಮಂಟಪಂ ದಡದಲ್ಲಿ ನಾಯ್ಕರು ಸೊಂಟದಷ್ಟು ನೀರಿನಲ್ಲಿ ಕೂರಿಸಿ ಮಾಸ್ಕಿಗೆ ನೀರು ಬಿಟ್ಟರು. ಮೇಡಂ ಮೇಲಂಚು ಒತ್ತಿದರು, ತಲೆ ಎತ್ತಿದರು, ಊದಿದರು. ಗಾಜಿನ ಹಿಂದೆ ಎರಡು ಕಣ್ಣುಗಳು ತೆರೆದೇ ಇದ್ದವು. ನಾಯ್ಕರು ಮತ್ತೆ ಮತ್ತೆ ಮಾಡಿಸಿ ನೋಡಿದರು. ಒಂದು ಸಲವೂ ಓಡಿ ಬರಲಿಲ್ಲ. "ಪಾಸು" ಎಂದು ಅವರ ಭುಜದ ಮೇಲೆ ಉಗುರಿನಿಂದ ಎರಡು ಸಲ ತಟ್ಟಿದರು. ತಟ್ಟುವುದನ್ನು ಅವರೂ ನೋಡಿ ಕಲಿತಿದ್ದರು.

ದೋಣಿ ದಿಬ್ಬದ ಹತ್ತಿರ ಹೋಗಿ ನಿಂತಿತು. ನೀರು ತಿಳಿಯಾಗಿತ್ತು, ಕೆಳಗೆ ಕಂದು ಮತ್ತು ಹಸಿರು ನೆರಳುಗಳು ಕಾಣುತ್ತಿದ್ದವು. ನಾನು ದೋಣಿಯ ಹಗ್ಗ ಹಿಡಿದು ಕೂತಿದ್ದೆ. ಗಾಜಿನ ಬಳೆ ಬೇಡ ಎಂದು ನಾಯ್ಕರು ಹೇಳಿದ್ದರಿಂದ ಮೇಡಂ ಬಲಗೈಯಲ್ಲಿ ಒಂದು ಚಿನ್ನದ ಬಳೆ ಮಾತ್ರ ಉಳಿಸಿಕೊಂಡಿದ್ದರು. ಎಡಗೈಗೆ ಗೇಜು ಕಟ್ಟಿಕೊಂಡು ಟಕ್ ಟಕ್ ಎಂದು ತಟ್ಟಿ, ಸೊನ್ನೆ ನೋಡಿಕೊಂಡು, ನಾಯ್ಕರ ಕೈ ಹಿಡಿದು ಹಿಮ್ಮುಖವಾಗಿ ನೀರಿಗೆ ಬಿದ್ದರು. ಗುಳ್ಳೆಗಳು ಬರತೊಡಗಿದವು. ನಾನು ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಗುಳ್ಳೆ ಬರುವವರೆಗೂ ಉಸಿರಾಡುತ್ತಿದ್ದಾರೆ ಎಂದರ್ಥ ಎಂದು ನಾಯ್ಕರು ಹೇಳಿದ್ದರು, ಹಾಗಾಗಿ ಗುಳ್ಳೆಗಳನ್ನೇ ನೋಡುತ್ತ ಕೂತೆ.

ಬಹಳ ಹೊತ್ತಾದ ಮೇಲೆ ಎರಡು ತಲೆಗಳು ಮೇಲೆ ಬಂದವು. ದೋಣಿಯವರೂ ನಾನೂ ಸೇರಿ ಮೇಡಂ ಅವರನ್ನು ಎಳೆದುಕೊಂಡೆವು.

"ಹೇಗಿತ್ತು ಮೇಡಂ?"

"ಫಸ್ಟ್ ಕ್ಲಾಸು. ಇಳಿಯೋವಾಗ ಒಂದು ಗೆರೆನೂ ತಪ್ಪಿಲ್ಲ. ಹತ್ತೋವಾಗ ಮುಳ್ಳು ಅಂಟ್ಕೊಳ್ಳತ್ತೇನೋ ಅಂದ್ಕೊಂಡಿದ್ದೆ, ಅದೂ ಇಲ್ಲ."

"ಅದಲ್ಲ ಮೇಡಂ. ಹವಳ? ಮೀನು?"

ಅವರು ನನ್ನ ಮುಖವನ್ನೇ ನೋಡಿದರು. ನಾಯ್ಕರು ಮಾಸ್ಕ್ ತೆಗೆದು ತಲೆಗೆ ಕೈ ಹಚ್ಚಿಕೊಂಡಿದ್ದರು.

"ಎಂತ ಹೇಳೂದು ತಂಗಿ? ಬಾಯೋರು ಒಂದ್ ಸಲನೂ ತಲೆ ಎತ್ತಲಿಲ್ಲ. ಕೈ ಮುಖದ ಮುಂದೆ ಇಟ್ಕೊಂಡು ಗೇಜನ್ನೇ ನೋಡಿದ್ದು. ನಾನು ತೋರಿಸ್ದೆ, ಎಳ್ದೆ, ಎಂತ ಮಾಡಿದ್ರೂ ಇಲ್ಲ. ಒಂದು ಆಮೆ ಇವರ ತಲೆ ಮೇಲಿಂದ ಹಾದು ಹೋಯ್ತು. ಇಷ್ಟು ದೊಡ್ಡದು."

"ಆಮೆ ಹೋಯ್ತಾ?" ಎಂದರು ಮೇಡಂ. ಅವರ ಧ್ವನಿ ಸಣ್ಣದಾಗಿತ್ತು.

ಬದುಕಿಡೀ ಮುಳ್ಳು ನೋಡಿದ ಕಣ್ಣು, ನೀರಿನೊಳಗೆ ಹೋದರೂ ಮುಳ್ಳನ್ನೇ ಹುಡುಕಿಕೊಂಡಿತ್ತು. ಬಾವಿ, ಬುರುಡೆ, ಭಾನುವಾರಗಳು, ತೀರ್ಥಗಳು, ಇಷ್ಟೆಲ್ಲ ಆಗಿ ಹವಳದ ದಿಬ್ಬದ ಮೇಲೆ ತೇಲಾಡಿ, ಪೀಣ್ಯದ ಕೋಣೆಯಲ್ಲಿ ದಿನವೂ ಕಾಣುವುದನ್ನೇ ಕಂಡು ಬಂದಿದ್ದರು. ನನಗೆ ನಗು ಉಕ್ಕಿ ಬಂತು, ಅವರ ಕಣ್ಣಿನಲ್ಲಿ ನೀರು ನೋಡಿ ಅದು ಅಲ್ಲೇ ನಿಂತಿತು. ಉಪ್ಪು ನೀರೇ ಅಷ್ಟು ಮುಖದ ಮೇಲಿದ್ದರೂ ಅಳುವುದು ಬೇರೆಯಾಗಿ ಕಾಣುತ್ತಿತ್ತು.

ದೋಣಿಯವರು ತಮಿಳಿನಲ್ಲಿ ಗಾಳಿ ಏಳುತ್ತಿದೆ, ಹೊರಡಬೇಕು ಎಂದರು. ನಾಯ್ಕರು ಸಿಲಿಂಡರ್ ನೋಡಿದರು. "ಸಿಲಿಂಡರಲ್ಲಿ ಗಾಳಿ ಇನ್ನೂ ಇದೆ. ಒಂದು ಸಣ್ಣ ಸುತ್ತು ಆಗ್ತದೆ. ಆದ್ರೆ ಒಂದು ಮಾತು" ಎಂದು ಮೇಡಂ ಅವರ ಎಡಗೈ ಹಿಡಿದು ಗೇಜಿನ ಪಟ್ಟಿ ಬಿಚ್ಚತೊಡಗಿದರು.

ಮೇಡಂ ಕೈ ಕಿತ್ತುಕೊಂಡರು. "ಗೇಜ್ ಇಲ್ದೆ ಇಳಿಯೋದಾ? ಎಲ್ಲಾದ್ರೂ ಉಂಟಾ? ಎಷ್ಟು ಆಳದಲ್ಲಿದೀನಿ ಅಂತ ಗೊತ್ತಾಗೋದು ಹೇಗೆ?"

"ನಿಮಗೆ ಗೊತ್ತಾಗೂದು ಬೇಡ. ನನಗೆ ಗೊತ್ತಿರ್ತದೆ." ನಾಯ್ಕರು ತಮ್ಮ ಕೈಯಲ್ಲಿದ್ದ ಗೇಜನ್ನು ತಿರುಗಿಸಿ ಹಿಂಭಾಗ ತೋರಿಸಿದರು. ಅಲ್ಲಿ ಮಾಸಿದ ಹಸಿರು ಸ್ಟಿಕ್ಕರ್ ಇತ್ತು. "ಇದೂ ನಿಮ್ಮ ಕೈಯಿಂದಲೇ ಪಾಸಾಗಿ ಬಂದದ್ದು. ನಾನು ಇದನ್ನ ನಂಬಿ ದಿನಾ ಇಳೀತೇನೆ. ನೀವು ಒಂದ್ ದಿನ ನಂಬೂದಿಲ್ವಾ?"

ಮೇಡಂ ಆ ಸ್ಟಿಕ್ಕರನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಪಟ್ಟಿ ಬಿಚ್ಚಿ, ತಮ್ಮ ಗೇಜನ್ನು ನನ್ನ ಕೈಗೆ ಕೊಟ್ಟರು. ಕೊಳವೆ ಕಚ್ಚಿಕೊಂಡು ಮತ್ತೆ ನೀರಿಗೆ ಬಿದ್ದರು.

ನಾನು ಗೇಜನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೆ. ಮುಳ್ಳು ಸೊನ್ನೆಯ ಮೇಲಿತ್ತು. ಮೊದಲ ಸಲ ಗುಳ್ಳೆಗಳು ಒಂದೇ ಜಾಗದಲ್ಲಿ ಬಂದಿದ್ದವು. ಈಗ ಅವು ಅಲೆದಾಡತೊಡಗಿದವು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಒಂದು ಜಾಗದಲ್ಲಿ ತುಂಬ ಹೊತ್ತು ನಿಂತು ಮತ್ತೆ ಮುಂದಕ್ಕೆ. ಮೇಡಂ ನೋಡುತ್ತಿದ್ದಾರೆ ಎಂದು ನನಗೆ ಮೇಲಿನಿಂದಲೇ ಗೊತ್ತಾಯಿತು. ಒಬ್ಬಳೇ ನಕ್ಕೆ.

ಈ ಸಲ ಮೇಲೆ ಬಂದವರು ದೋಣಿ ಹತ್ತುವ ಮೊದಲೇ ಕೊಳವೆ ಉಗುಳಿ ಮಾತು ಶುರುಮಾಡಿದರು. ಹಳದಿ ಮೀನು, ಗೀರುಗೀರಿನ ಮೀನು, ಮುಟ್ಟಲು ಹೋದರೆ ಒಳಗೆ ಸೇದಿಕೊಳ್ಳುವ ಹೂವಿನಂಥದ್ದು, ಹೂಕೋಸು, ಕೊಂಬು, ನಮ್ಮ ಕರಿಮಣಿಯ ಹವಳದ ಬಣ್ಣ ಅಲ್ಲಿ ಒಂದೂ ಇಲ್ಲ ಕಣೇ, ಎಲ್ಲ ಬೇರೆ ಬೇರೆ ಬಣ್ಣ, ಎಂದು ಒಂದರ ಹಿಂದೆ ಒಂದು. ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಾನು ಅಣ್ಣನ ಕ್ಯಾಮೆರಾ ಚೀಲದಿಂದ ತೆಗೆದು ಸರಿಮಾಡಿಕೊಳ್ಳುತ್ತ, ಅಭ್ಯಾಸಬಲದಿಂದ ಕೇಳಿದೆ: "ಎಷ್ಟು ಆಳ ಇತ್ತು ಮೇಡಂ?"

ಅವರೂ ಅಭ್ಯಾಸಬಲದಿಂದ ಎಡಗೈ ಎತ್ತಿದರು. ಮಣಿಕಟ್ಟು ಬರಿದಾಗಿತ್ತು, ಪಟ್ಟಿಯ ಗುರುತು ಮಾತ್ರ ಇತ್ತು. ಅದನ್ನು ನೋಡಿದರು, ನನ್ನ ಕಡೆ ತಿರುಗಿಸಿ ತೋರಿಸಿದರು, ನಗತೊಡಗಿದರು. ನಾನು ಕ್ಲಿಕ್ಕಿಸಿದೆ.

"ಎಷ್ಟೋ ಇತ್ತು ಬಿಡೇ" ಎಂದರು.

ಸುಮಾರು ಎಂದರೆ ಸಿಟ್ಟಾಗುತ್ತಿದ್ದ ಹೆಂಗಸಿನ ಬಾಯಲ್ಲಿ ನಾನು ಲೆಕ್ಕವಿಲ್ಲದ ಅಂಥ ಮಾತು ಕೇಳಿದ್ದು ಅದೇ ಮೊದಲು. ನಾಯ್ಕರು ಆಮೇಲೆ ನನ್ನ ಹತ್ತಿರ ಬಂದು, "ಪೂರಾ ಐದು ಮೀಟರೂ ಇಲ್ಲ ತಂಗಿ, ಒಂದು ಗೆರೆ ಕಡಿಮೆ" ಎಂದು ಪಿಸುಗುಟ್ಟಿದರು. ನಲವತ್ತು ಮೀಟರಿನವರೆಗೆ ದಿನವೂ ಹೋಗಿ ಬರುತ್ತಿದ್ದವರು ನಿಜವಾಗಿ ಇಳಿದದ್ದು ಒಂದು ಬಾವಿಯ ಆಳಕ್ಕೂ ಕಡಿಮೆ. ನಾನು ಅದನ್ನು ಯಾರಿಗೂ ಹೇಳಲಿಲ್ಲ.

ವಾಪಸು ಬಂದ ಮೇಲೆ ಗೇಜುಗಳ ವಿಷಯದಲ್ಲಿ ಮೇಡಂ ಮೊದಲಿನ ಹಾಗೇ ಇದ್ದರು. ಕೂದಲೆಳೆಯಷ್ಟು ತಪ್ಪಿದರೂ ವಾಪಸು. ಆದರೆ ಹವಳದ ದಿಬ್ಬದ ಮಾತು ಬಂದರೆ ಮಾತ್ರ ಅವರ ಅಳತೆಗೋಲು ಎಲ್ಲೋ ಕಳೆದುಹೋಗುತ್ತಿತ್ತು. ಎರಡನೇ ಸಲ ಇಳಿದಾಗ ಅವರೊಂದು ನೀಲಿ ಮೀನು ಕಂಡಿದ್ದರು. ರೈಲಿನಲ್ಲಿ ಅದು ಗೇಣುದ್ದ ಇತ್ತು. ಕ್ಯಾಂಟೀನಿಗೆ ಬರುವಷ್ಟರಲ್ಲಿ ಮೊಳ ಆಯಿತು. ಮುನಿಯಮ್ಮನ ಬಾವಿಯ ಕಟ್ಟೆಯ ಮೇಲೆ ಕೂತು ಹೇಳಿದಾಗ ಎರಡೂ ಕೈ ಚಾಚಿದರೂ ಸಾಲಲಿಲ್ಲ.

"ಅಂಗಾರೆ ಅದು ನಿನ್ನ ನುಂಗ್ದೆ ಎಂಗ್ ಬುಡ್ತು?" ಎಂದು ಮುನಿಯಮ್ಮ ಕೇಳಿದ್ದಕ್ಕೆ "ನಾನು ಪಾಸಾಗಿರ್ಲಿಲ್ಲ ಅನ್ಸತ್ತೆ" ಎಂದು ಮೇಡಂ ಗಂಭೀರವಾಗಿ ಹೇಳಿದ್ದರು. ನಿವೃತ್ತಿಯ ದಿನ ಅವರಿಗೆ ಆ ಗೇಜನ್ನೇ ಕೊಟ್ಟು ಕಳುಹಿಸಿದೆವು. ಭಾಷಣದಲ್ಲಿ ಅವರು ಕಾರ್ಖಾನೆಯ ಬಗ್ಗೆ ಎರಡು ಮಾತು ಹೇಳಿ, ಉಳಿದ ಹೊತ್ತೆಲ್ಲ ತಾವು ನೋಡದೇ ಹೋದ ಆ ಆಮೆಯ ಬಗ್ಗೆ ಹೇಳಿದರು. ನೋಡಿದ್ದವರಿಗಿಂತ ಚೆನ್ನಾಗಿ ಹೇಳಿದರು.

ಸಮಾರಾಧನೆಯ ಊಟ ಮುಗಿದು ಜನ ಕರಗಿದ ಮೇಲೆ ನಾನು ರಾಯರ ಕುರ್ಚಿಯ ಪಕ್ಕ ಹೋಗಿ ಕೂತೆ. ಅವರ ಮಡಿಲಲ್ಲಿ ಆ ಗೇಜಿತ್ತು. ಬೀರುವಿನಿಂದ ತರಿಸಿಕೊಂಡಿದ್ದರಂತೆ. ಗಾಜಿನ ಮೇಲೆ ಉಗುರಿನಿಂದ ಎರಡು ಸಲ ತಟ್ಟಿ, ಮುಳ್ಳು ನೋಡಿ, ಫೋಟೋ ನೋಡಿದರು.

"ನೀನು ಅಲ್ಲೇ ಇದ್ಯಲ್ಲ. ನನಗೆ ಒಂದು ವಿಷ್ಯ ಹೇಳು. ನಾನು ಅವಳನ್ನ ಎಷ್ಟೋ ಸಲ ಕೇಳಿದೀನಿ, ಒಂದೊಂದ್ಸಲ ಒಂದೊಂದು ಹೇಳೋಳು. ಆವತ್ತು ನಿಜವಾಗ್ಲೂ ಎಷ್ಟು ಆಳ ಹೋಗಿದ್ಲು?"

ನನಗೆ ಸರಿಯಾದ ಲೆಕ್ಕ ಗೊತ್ತಿತ್ತು. ಸರಿಯಾದ ಲೆಕ್ಕ ಹೇಳುವುದನ್ನು ನನಗೆ ಕಲಿಸಿದವರೇ ಎದುರಿಗೆ ಹಾರ ಹಾಕಿಸಿಕೊಂಡು, ಬರಿ ಮಣಿಕಟ್ಟು ತೋರಿಸುತ್ತ ನಗುತ್ತಿದ್ದರು. ನಾನು ರಾಯರ ಕಿವಿಯ ಹತ್ತಿರ ಬಗ್ಗಿ, ಅವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದೆ.

"ಎಷ್ಟೋ ಇತ್ತು ರಾಯರೇ."